ಎಂಟು ತಿಂಗಳು ಬಳಸಿದ ಅಮೆರಿಕನ್ ಫುಟ್‌ಬಾಲ್ ಚೆಂಡು: ಕಾರವಾರದ ಮರಳಲ್ಲಿ ಹೇಗಿದೆ?

2024ರ ಅಕ್ಟೋಬರ್‌ನಲ್ಲಿ 1,450 ರೂಪಾಯಿ ಕೊಟ್ಟು ಆನ್‌ಲೈನ್‌ನಲ್ಲಿ ಒಂದು ಅಮೆರಿಕನ್ ಫುಟ್‌ಬಾಲ್ ಚೆಂಡು ತರಿಸಿದೆ. ಆಮೇಲೆ ಎಂಟು ತಿಂಗಳು, ಮಳೆ ಹಿಡಿಯುವ ತನಕ, ವಾರಕ್ಕೆ ಮೂರು ಸಲವಾದರೂ ಕಾರವಾರದ ಟ್ಯಾಗೋರ್ ಬೀಚ್‌ನಲ್ಲಿ ಅದನ್ನು ಆಡಿದ್ದೇವೆ. ನಮ್ಮ ಕಡೆ ಇಂಥ ಚೆಂಡು ತಗೊಳ್ಳುವವರು ಕಡಿಮೆ. ತಗೊಳ್ಳಬೇಕು ಅನ್ನುವವರಿಗೆ ಕನ್ನಡದಲ್ಲಿ ಹೇಗಿದೆ ಅಂತ ಹೇಳುವವರು ಇನ್ನೂ ಕಡಿಮೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ಚೆಂಡಿಗಿಂತ ಅದನ್ನು ಹಿಡಿದು ಓಡಿದವರ ಮಾತೇ ಇಲ್ಲಿ ಜಾಸ್ತಿ ಬರುತ್ತದೆ, ಯಾಕೆಂದರೆ ಈ ಚೆಂಡು ತರಿಸಿದ್ದೇ ಒಂದು ವಾದಕ್ಕಾಗಿ.

ವಾದ ನನಗೂ ಭಾವನಿಗೂ. ಅಕ್ಕ, ಭಾವ ಡಲ್ಲಾಸ್‌ನಲ್ಲಿದ್ದಾರೆ. ಭಾವ ಶಿರಸಿ ಕಡೆಯವರು, ಅಲ್ಲಿಗೆ ಹೋದ ಮೇಲೆ ಡಲ್ಲಾಸ್ ಕೌಬಾಯ್ಸ್ ತಂಡದ ದೊಡ್ಡ ಅಭಿಮಾನಿ. ಅವರ ಪ್ರಕಾರ ಆ ತಂಡದ ಎಮಿಟ್ ಸ್ಮಿತ್‌ಗಿಂತ ದೊಡ್ಡ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವ ಆಟಗಾರ, ಹುಟ್ಟಿಲ್ಲ. "18,355 ಗಜ ಓಡಿದ್ದಾನೆ ಮಾರಾಯ, ಇಷ್ಟು ಇನ್ನೊಬ್ಬ ಓಡಿದ್ದರೆ ತೋರಿಸು" ಅಂತ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಾರೆ. ತೋರಿಸಲು ಆಗುವುದಿಲ್ಲ, ಯಾಕೆಂದರೆ ಒಟ್ಟು ಓಟದಲ್ಲಿ ಸ್ಮಿತ್‌ನೇ ಮೊದಲು. ಆದರೂ ಹಳೆಯ ಆಟಗಳ ತುಣುಕುಗಳನ್ನು ಯೂಟ್ಯೂಬ್‌ನಲ್ಲಿ ನೋಡುತ್ತಾ ಕೂತಾಗ ನನಗೆ ಆ ಲೆಕ್ಕ ಒಪ್ಪಿಗೆಯಾಗುತ್ತಿರಲಿಲ್ಲ. 1960ರಲ್ಲಿ ಓಡಿದವನನ್ನೂ 2000ದಲ್ಲಿ ಓಡಿದವನನ್ನೂ ಒಂದೇ ತಕ್ಕಡಿಯಲ್ಲಿ ಹಾಕುವುದು ಹೇಗೆ? ಆಟದ ಸಂಖ್ಯೆ ಬೇರೆ, ನೆಲ ಬೇರೆ, ಎದುರಾಳಿಗಳ ಮೈಕಟ್ಟು ಬೇರೆ. ಹೆಚ್ಚು ಬದಲಾಗದೆ ಉಳಿದದ್ದು ಚೆಂಡು ಒಂದೇ. 1930ರ ದಶಕದಲ್ಲಿ ಅದನ್ನು ಸಪೂರ ಮಾಡಿದರು, ಆಮೇಲೆ ಹೆಚ್ಚು ಕಡಿಮೆ ಅದೇ ಆಕಾರ. ಹಾಗಾದರೆ ಚೆಂಡನ್ನೇ ಕೈಗೆ ತಗೊಂಡು ಓಡಿ ನೋಡೋಣ ಅನ್ನಿಸಿತು.

ಆಟ ಗೊತ್ತಿಲ್ಲದವರಿಗೆ ನಮ್ಮ ಭಾಷೆಯಲ್ಲಿ ಹೇಳುವುದಾದರೆ, ರನ್ನಿಂಗ್ ಬ್ಯಾಕ್ ಅಂದರೆ ಕಬಡ್ಡಿಯ ರೈಡರ್ ಇದ್ದ ಹಾಗೆ. ವ್ಯತ್ಯಾಸ ಏನೆಂದರೆ ಇವನು ವಾಪಸ್ ಬರಬೇಕಾಗಿಲ್ಲ, ಹನ್ನೊಂದು ಜನರನ್ನು ದಾಟಿ ಮುಂದೆ ಮುಂದೆ ಹೋಗಬೇಕು. ಕೈಯಲ್ಲಿ ಚೆಂಡು, ಮುಂದೆ ದಾರಿ ಬಿಡಿಸಿಕೊಡುವ ತನ್ನವರ ಸಾಲು. ನಾಲ್ಕು ಅವಕಾಶದಲ್ಲಿ ಹತ್ತು ಗಜ ಹೋದರೆ ಮತ್ತೆ ನಾಲ್ಕು ಅವಕಾಶ ಸಿಗುತ್ತದೆ. ಒಂದು ಗಜ ಅಂದರೆ ಮೂರು ಅಡಿ. ಚೆಂಡು ಹಿಡಿದು ಎದುರಾಳಿಯ ಕೊನೆಯ ಗೆರೆ ದಾಟಿದರೆ ಅದು ಟಚ್‌ಡೌನ್, ಅಂಕ ಸಿಗುತ್ತದೆ. ಚೆಂಡು ಕೈಜಾರಿ ಎದುರಾಳಿಗೆ ಸಿಕ್ಕಿದರೆ ಎಲ್ಲ ಹೋಯಿತು.

ಈಗ ಚೆಂಡಿಗೆ ಬರೋಣ. ನಾನು ತರಿಸಿದ್ದು ಪೂರ್ತಿ ಅಳತೆಯದು, ಸಿಂಥೆಟಿಕ್ ಚರ್ಮದ್ದು. ಅಮೆರಿಕದ ಲೀಗ್‌ನಲ್ಲಿ ಆಡುವ ಅಸಲಿ ಚೆಂಡು ದನದ ಚರ್ಮದ್ದು. ಅದನ್ನು ವಿಲ್ಸನ್ ಕಂಪನಿ ಓಹಾಯೋ ರಾಜ್ಯದ ಏಡಾ ಅನ್ನುವ ಊರಿನಲ್ಲಿ ಹೊಲಿಯುತ್ತದೆ. ಉದ್ದ ಸುಮಾರು 11 ಇಂಚು, ತೂಕ 400 ಗ್ರಾಂ ಆಸುಪಾಸು. ನನ್ನ ಚೆಂಡನ್ನು ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟು ನೋಡಿದೆ, 410 ಗ್ರಾಂ ಬಂತು. ಒಳ್ಳೆಯದೇ. ಗಾಳಿ ಇಲ್ಲದೆ ಚಪ್ಪಟೆಯಾಗಿ ಬಂದಿತ್ತು, ಸೂಜಿ ಜೊತೆಗಿತ್ತು, ಪಂಪ್ ಇರಲಿಲ್ಲ. ಕೋಡಿಬಾಗದ ಸೈಕಲ್ ಅಂಗಡಿಯಲ್ಲಿ ಗಾಳಿ ಹಾಕಿಸಿದೆ. ಅಳತೆ ನೋಡುವ ಮೀಟರ್ ಇದ್ದರೆ 13 ಪಿಎಸ್ಐ ಹತ್ತಿರ ನಿಲ್ಲಿಸಿ. ಇಲ್ಲದಿದ್ದರೆ ಹೆಬ್ಬೆರಳು ಒತ್ತಿದಾಗ ಒಂಚೂರು ಮಾತ್ರ ಒಳಗೆ ಹೋಗುವಷ್ಟು ಸಾಕು.

ಮೇಲ್ಮೈ ಒರಟು, ಸಣ್ಣ ಸಣ್ಣ ಗುಳ್ಳೆ ಎದ್ದ ಹಾಗೆ ಇದೆ. ಒಂದು ಪಕ್ಕದಲ್ಲಿ ಬಿಳಿ ಲೇಸು. ಕೈಗೆ ತಗೊಂಡ ತಕ್ಷಣ ನೆನಪಾಗುವುದು ಸಿಪ್ಪೆ ಸಮೇತ ಇರುವ ತೆಂಗಿನಕಾಯಿ. ಎರಡೂ ತುದಿ ಚೂಪು, ನಡು ದಪ್ಪ. ಕಂಕುಳಲ್ಲಿ ಇಟ್ಟುಕೊಂಡರೆ ಸರಿಯಾಗಿ ಕೂರುತ್ತದೆ ಅನ್ನಿಸುತ್ತದೆ, ಓಡಲು ಶುರು ಮಾಡಿದರೆ ಹಿಂದಿನಿಂದ ಪುಳಕ್ ಅಂತ ಜಾರುತ್ತದೆ.

ಮೊದಲ ದಿನ ನಾವು ಆರು ಜನ ಇದ್ದೆವು. ನಾನು, ಅಕ್ಕಪಕ್ಕದ ಮನೆಯ ಹುಡುಗರು. ಎಲ್ಲರೂ ಕಬಡ್ಡಿ, ವಾಲಿಬಾಲ್ ಆಡುವವರು, ಕಾಲು ಚುರುಕು. ಮರಳಲ್ಲಿ ಎರಡು ಗೆರೆ ಎಳೆದು ಇಪ್ಪತ್ತು ಓಟ ಓಡಿದೆವು. ಹನ್ನೊಂದು ಸಲ ಚೆಂಡು ಕೈಬಿಟ್ಟಿತು. ಯಾರೂ ಜೋರಾಗಿ ಬಡಿದಿರಲಿಲ್ಲ, ಬರೀ ತೋಳು ಹಿಡಿದು ಎಳೆದದ್ದಕ್ಕೇ ಬಿತ್ತು. ಆವತ್ತು ರಾತ್ರಿ ಭಾವನಿಗೆ ಫೋನ್ ಮಾಡಿದಾಗ ಅವರು ಟಿಕಿ ಬಾರ್ಬರ್‌ನ ಕಥೆ ಹೇಳಿದರು. ನ್ಯೂಯಾರ್ಕ್ ಜಯಂಟ್ಸ್ ತಂಡದ ಈತ ಒಳ್ಳೆಯ ಓಟಗಾರ, ಆದರೆ ಚೆಂಡು ಬೀಳಿಸುತ್ತಾನೆ ಅಂತಲೇ ಹೆಸರಾಗಿತ್ತು. 2004ರಲ್ಲಿ ಟಾಮ್ ಕಾಫ್ಲಿನ್ ಕೋಚ್ ಆಗಿ ಬಂದ ಮೇಲೆ ಚೆಂಡನ್ನು ಎದೆಯ ಹತ್ತಿರ, ಎತ್ತರಕ್ಕೆ, ಬಿಗಿಯಾಗಿ ಹಿಡಿಯುವುದನ್ನು ಹೊಸದಾಗಿ ಕಲಿಸಿದರು. 2005ರಲ್ಲಿ ಅವನು 1,860 ಗಜ ಓಡಿದ, ಬೀಳಿಸುವುದೂ ತೀರಾ ಕಡಿಮೆಯಾಯಿತು.

ಆ ಹಿಡಿತವನ್ನು ಮಾರನೇ ದಿನ ನಾವೂ ಕಲಿತೆವು. ಬೆರಳುಗಳನ್ನು ಅಗಲಿಸಿ ಚೆಂಡಿನ ಮುಂದಿನ ತುದಿಯನ್ನು ಮುಚ್ಚಬೇಕು. ಚೆಂಡು ಮುಂಗೈ ಮೇಲೆ ಮಲಗಬೇಕು. ಹಿಂದಿನ ತುದಿ ತೋಳಿನ ಒಳಮಡಿಕೆಯಲ್ಲಿ ಸಿಕ್ಕಿಕೊಳ್ಳಬೇಕು. ಇಡೀ ಚೆಂಡು ಪಕ್ಕೆಗೆ ಒತ್ತಿರಬೇಕು. ಮೊಣಕೈ ಸ್ವಲ್ಪ ಹೊರಗೆ ಹೋದರೂ ಗಾಳಿ ಆಡುವಷ್ಟು ಸಂದಿ ಬಿಡುತ್ತದೆ, ಎದುರಿನವನ ಕೈ ಅಲ್ಲೇ ನುಗ್ಗುತ್ತದೆ. ಹೀಗೆ ಹಿಡಿದು ಓಡಿದಾಗ ಇನ್ನೊಂದು ವಿಷಯ ತಿಳಿಯಿತು. ಒಂದು ಕೈ ಪೂರ್ತಿ ಕಟ್ಟಿಹಾಕಿದ ಹಾಗಾಗುತ್ತದೆ. ಓಡುವಾಗ ಎರಡೂ ಕೈ ಬೀಸದಿದ್ದರೆ ಮೈ ಒಂದು ಪಕ್ಕಕ್ಕೆ ವಾಲುತ್ತದೆ, ತಿರುವು ತಗೊಳ್ಳುವಾಗ ಕಾಲು ತಪ್ಪುತ್ತದೆ. ಟಿವಿಯಲ್ಲಿ ಸಲೀಸಾಗಿ ಕಾಣುವ ಓಟ ಎಷ್ಟು ಕಷ್ಟದ್ದು ಅಂತ ನನಗೆ ಗೊತ್ತಾಗಿದ್ದು ಆವತ್ತು.

ಅಲ್ಲಿಂದ ನಾನು ಈ ಆಟಗಾರರನ್ನು ನೋಡುವ ಕ್ರಮವೇ ಬದಲಾಯಿತು.

ಬ್ಯಾರಿ ಸ್ಯಾಂಡರ್ಸ್‌ನಿಂದ ಶುರು ಮಾಡುತ್ತೇನೆ. ಡೆಟ್ರಾಯಿಟ್ ಲಯನ್ಸ್ ತಂಡಕ್ಕೆ 1989ರಿಂದ 1998ರವರೆಗೆ ಆಡಿದವನು. ಐದು ಅಡಿ ಎಂಟು ಇಂಚು ಎತ್ತರ, ತೊಡೆ ಮಾತ್ರ ಒನಕೆಯ ಹಾಗೆ. ಪೂರ್ತಿ ವೇಗದಲ್ಲಿ ಹೋಗುತ್ತಾ ಇದ್ದಕ್ಕಿದ್ದಂತೆ ನಿಲ್ಲುತ್ತಾನೆ, ಎದುರಿನವನು ಮುಂದಕ್ಕೆ ಹಾದುಹೋಗುತ್ತಾನೆ, ಇವನು ಬೇರೆ ದಿಕ್ಕಿಗೆ ಹೊರಡುತ್ತಾನೆ. ಇಳಿತದ ಹೊತ್ತಲ್ಲಿ ನೀರಿನ ಅಂಚಿನ ಒದ್ದೆ ಮರಳು ಗಟ್ಟಿ ಇರುತ್ತದಲ್ಲ, ಅಲ್ಲಿ ನಮ್ಮ ಹುಡುಗರಲ್ಲೊಬ್ಬ, ಒಳ್ಳೆಯ ರೈಡರ್, ಅದನ್ನು ಮಾಡಲು ಹೋದ. ಚೆಂಡಿಲ್ಲದೆ ಚೆನ್ನಾಗಿಯೇ ಮಾಡಿದ. ಚೆಂಡು ಹಿಡಿದು ಮಾಡಿದಾಗ ಪ್ರತಿ ಸಲವೂ ಇನ್ನೊಂದು ಕೈಯನ್ನು ನೆಲಕ್ಕೆ ಊರಬೇಕಾಯಿತು. ಸ್ಯಾಂಡರ್ಸ್ ಇದನ್ನು ಹತ್ತು ವರ್ಷ ಮಾಡಿದ, 15,269 ಗಜ ಓಡಿದ, ಸರಾಸರಿ ಪ್ರತಿ ಓಟಕ್ಕೆ 5 ಗಜ. 1997ರಲ್ಲಿ ಮೊದಲ ಎರಡು ಆಟದಲ್ಲಿ ಬರೀ 53 ಗಜ. ಆಮೇಲೆ ಸತತ 14 ಆಟದಲ್ಲಿ 100 ಗಜಕ್ಕಿಂತ ಹೆಚ್ಚು ಓಡಿ ಆ ವರ್ಷ 2,053ಕ್ಕೆ ಮುಟ್ಟಿಸಿದ. ಗೆರೆ ದಾಟಿದ ಮೇಲೆ ಕುಣಿಯುತ್ತಿರಲಿಲ್ಲ, ಚೆಂಡನ್ನು ಅಂಪೈರ್ ಕೈಗೆ ಕೊಟ್ಟು ಹೊರಡುತ್ತಿದ್ದ. ಒಟ್ಟು ಓಟದ ಆಗಿನ ದಾಖಲೆಗೆ 1,457 ಗಜ ಬಾಕಿ ಇದ್ದಾಗ 1999ರಲ್ಲಿ ತನ್ನೂರಿನ ಪತ್ರಿಕೆಗೆ ಫ್ಯಾಕ್ಸ್ ಕಳಿಸಿ ಆಟ ಬಿಟ್ಟ. ಆ ಪತ್ರದ ಬಗ್ಗೆ ಓದಿದಾಗೆಲ್ಲ ನನಗೆ ಈಗಲೂ ಬೇಜಾರಾಗುತ್ತದೆ.

ಇವನಿಗೆ ವಿರುದ್ಧವಾದ ಒಂದು ಮಾತೂ ಇದೆ, ಅದನ್ನೂ ಹೇಳಬೇಕು. ಒಳ್ಳೆಯ ಸಂದಿ ಹುಡುಕುತ್ತಾ ಹಿಂದಕ್ಕೆ ಹೋಗಿ ಸಿಕ್ಕಿಬೀಳುವುದೂ ಜಾಸ್ತಿ ಇತ್ತು. ಅವನ ತಂಡದ ತವರು ಮೈದಾನ ಸೂರು ಮುಚ್ಚಿದ್ದು, ಕೃತಕ ಹುಲ್ಲಿನದು. ಮಳೆ, ಹಿಮ, ಕೆಸರು ಅಲ್ಲಿ ಇರಲಿಲ್ಲ.

ಕೆಸರು ಅಂದ ಕೂಡಲೇ ಗೇಲ್ ಸೇಯರ್ಸ್. ಶಿಕಾಗೋ ಬೇರ್ಸ್ ತಂಡದವನು. 1965ರ ಡಿಸೆಂಬರ್ 12, ಅವನ ಮೊದಲ ವರ್ಷ. ಕೆಸರು ತುಂಬಿದ ಮೈದಾನದಲ್ಲಿ ಒಂದೇ ಆಟದಲ್ಲಿ ಆರು ಟಚ್‌ಡೌನ್ ಮಾಡಿದ. ನಮ್ಮಲ್ಲಿ ಜೂನ್ ತಿಂಗಳಲ್ಲಿ ಗದ್ದೆಯಲ್ಲಿ ಓಡಿದವರಿಗೆ ಅದರ ಬೆಲೆ ಗೊತ್ತಾಗುತ್ತದೆ. ಬೇರೆಯವರೆಲ್ಲ ಜಾರಿ ಬೀಳುತ್ತಿದ್ದರೆ ಇವನೊಬ್ಬ ಒಣ ನೆಲದ ಮೇಲೆ ಇದ್ದ ಹಾಗೆ ತಿರುಗುತ್ತಾನೆ. ಮಂಡಿ ಎರಡೂ ಕೆಟ್ಟು 68 ಆಟಕ್ಕೇ ಅವನ ಆಟ ಮುಗಿಯಿತು. ಅಷ್ಟು ಚಿಕ್ಕ ಲೆಕ್ಕವಿದ್ದರೂ 34ನೇ ವಯಸ್ಸಿಗೆ ಹಾಲ್ ಆಫ್ ಫೇಮ್‌ಗೆ, ಅಂದರೆ ಈ ಆಟದ ದೊಡ್ಡವರ ಗೌರವ ಪಟ್ಟಿಗೆ, ತಗೊಂಡರು. ಒಟ್ಟು ಗಜ ಮಾತ್ರ ನೋಡುವವರು ಇವನನ್ನು ಪಟ್ಟಿಯಲ್ಲಿ ಎಲ್ಲಿಡುತ್ತಾರೆ ಅಂತ ಭಾವನನ್ನು ಕೇಳಿದೆ. ಅವರು ಸುಮ್ಮನಾದರು.

ಜಿಮ್ ಬ್ರೌನ್ ವಿಷಯಕ್ಕೆ ಬಂದರೆ ಲೆಕ್ಕವೇ ಬೇರೆ ಥರ ಮಾಡಬೇಕು. ಕ್ಲೀವ್‌ಲ್ಯಾಂಡ್ ಬ್ರೌನ್ಸ್, 1957ರಿಂದ 1965. ಮೊದಲ ನಾಲ್ಕು ವರ್ಷ ಒಂದು ಸೀಸನ್‌ಗೆ 12 ಆಟ, ಆಮೇಲೆ 14. ಈಗ 17 ಆಡುತ್ತಾರೆ. ಒಂಬತ್ತು ವರ್ಷದಲ್ಲಿ 118 ಆಟ, ಒಂದನ್ನೂ ತಪ್ಪಿಸಲಿಲ್ಲ, 12,312 ಗಜ. ಒಂಬತ್ತರಲ್ಲಿ ಎಂಟು ವರ್ಷ ಇಡೀ ಲೀಗ್‌ಗೆ ಅವನೇ ಮೊದಲು. ಪ್ರತಿ ಆಟಕ್ಕೆ 104 ಗಜ, ಪ್ರತಿ ಓಟಕ್ಕೆ 5.2. ಇದೇ ಲೆಕ್ಕದಲ್ಲಿ ಎಮಿಟ್ ಸ್ಮಿತ್ ಪ್ರತಿ ಓಟಕ್ಕೆ 4.2. ಬ್ರೌನ್‌ನ ತೂಕ 105 ಕೆ.ಜಿ. ಆಸುಪಾಸು, ಅವನನ್ನು ಹಿಡಿಯಲು ಬರುವ ಹಲವರು ಅವನಿಗಿಂತ ಸಣ್ಣವರು. ಇದು ಅವನಿಗೆ ಅನುಕೂಲವಾಗಿತ್ತು, ನಿಜ. ಆದರೆ ಆ ಕಾಲಕ್ಕೆ ಎಲ್ಲರೂ ಅವನು ಓಡುತ್ತಾನೆ ಅಂತ ಗೊತ್ತಿದ್ದೇ ಕಾದು ನಿಂತಿರುತ್ತಿದ್ದರು. ಬಿದ್ದ ಮೇಲೆ ಪ್ರತಿ ಸಲವೂ ನಿಧಾನವಾಗಿ, ಸುಸ್ತಾದವನ ಹಾಗೆ ಏಳುತ್ತಿದ್ದ. ಪೆಟ್ಟಾಗಿದೆಯೋ ಇಲ್ಲವೋ ಎದುರಾಳಿಗೆ ಯಾವತ್ತೂ ಗೊತ್ತಾಗಬಾರದು ಅಂತ. ಮೂವತ್ತನೇ ವಯಸ್ಸಿಗೆ, ಇನ್ನೂ ಮೊದಲ ಸ್ಥಾನದಲ್ಲಿದ್ದಾಗಲೇ, ಬಿಟ್ಟು ಹೋದ.

ಒಂದು ವರ್ಷದ ಓಟ ಹೋಲಿಸುವವರು ಈ ಆಟದ ಸಂಖ್ಯೆಯನ್ನು ಮರೆಯಲೇಬಾರದು. ಓ.ಜೆ. ಸಿಂಪ್ಸನ್ 1973ರಲ್ಲಿ 2,003 ಗಜ ಓಡಿದ್ದು 14 ಆಟದಲ್ಲಿ, ಅಂದರೆ ಆಟಕ್ಕೆ 143. ಎರಿಕ್ ಡಿಕರ್ಸನ್ 1984ರಲ್ಲಿ 2,105 ಓಡಿದ್ದು 16 ಆಟದಲ್ಲಿ, ಆಟಕ್ಕೆ ಸುಮಾರು 132. ದಾಖಲೆ ಪುಸ್ತಕದಲ್ಲಿ ಇವತ್ತಿಗೂ ಡಿಕರ್ಸನ್ ಮೇಲೆ. ಆಡ್ರಿಯನ್ ಪೀಟರ್ಸನ್ 2011ರ ಡಿಸೆಂಬರ್‌ನಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡು ಮುಂದಿನ ವರ್ಷವೇ 2,097 ಓಡಿದ, ದಾಖಲೆಗೆ ಎಂಟು ಗಜ ಕಡಿಮೆ. ಸೇಯರ್ಸ್‌ನ ಕಾಲದಲ್ಲಿ ಅಂಥ ಮಂಡಿಗೆ ಈಗಿನಂಥ ಶಸ್ತ್ರಚಿಕಿತ್ಸೆ ಇರಲಿಲ್ಲ. ಕಾಲದ ವ್ಯತ್ಯಾಸ ಅಂದರೆ ಇದೂ ಸೇರಿತು, ಅಲ್ವಾ?

ನಾವು ಚೆಂಡು ತರಿಸಿದ ವರ್ಷವೇ ಸಾಕ್ವಾನ್ ಬಾರ್ಕ್ಲಿ ಫಿಲಡೆಲ್ಫಿಯಾ ಈಗಲ್ಸ್ ಪರವಾಗಿ 2,005 ಓಡಿದ. 2024ರ ನವೆಂಬರ್ 3ರಂದು ಅವನು ಒಂದು ಗಿರಕಿ ತಿರುಗಿ, ಬೆನ್ನು ಮುಂದೆ ಮಾಡಿಕೊಂಡೇ, ಎದುರಿಗೆ ಬಂದವನ ಮೇಲಿಂದ ಹಿಂದುಹಿಂದಾಗಿ ಹಾರಿದ. ಆ ತುಣುಕನ್ನು ಹುಡುಗರು ಬೀಚ್‌ನಲ್ಲಿ ಮೊಬೈಲ್ ಸುತ್ತ ಗುಂಪು ಕಟ್ಟಿ ಇಪ್ಪತ್ತು ಸಲವಾದರೂ ನೋಡಿರಬಹುದು. ಹಾರುವಾಗ ಚೆಂಡು ಎಲ್ಲಿದೆ ಅಂತ ನೋಡಿ ಅಂದೆ. ಅವರು ಮೊದಲ ಸಲ ಕೈ ಕಡೆ ನೋಡಿದರು.

ಈಗ ವಾಲ್ಟರ್ ಪೇಟನ್. ಶಿಕಾಗೋ ಬೇರ್ಸ್, 1975ರಿಂದ 1987. ಮಿಸಿಸಿಪ್ಪಿ ರಾಜ್ಯದ ಕೊಲಂಬಿಯಾ ಅನ್ನುವ ಊರಿನವನು. ಅಲ್ಲಿ ಪರ್ಲ್ ನದಿ ದಂಡೆಯ ಮರಳಲ್ಲಿ ಓಡಿ ಓಡಿ ಕಾಲು ಗಟ್ಟಿ ಮಾಡಿಕೊಂಡವನು. ಇದನ್ನು ಓದಿದ ದಿನವೇ ನಾನು ಹುಡುಗರನ್ನು ಗಟ್ಟಿ ಮರಳು ಬಿಡಿಸಿ ಗಾಳಿ ಮರಗಳ ಪಕ್ಕದ ಸಡಿಲ ಮರಳಿಗೆ ಕರೆದುಕೊಂಡು ಹೋದೆ. ಹೆಜ್ಜೆ ಇಟ್ಟರೆ ಹಿಮ್ಮಡಿ ಹೂತುಹೋಗುತ್ತದೆ, ಎತ್ತುವಾಗ ಮೀನಖಂಡ ಸೆಳೆಯುತ್ತದೆ. ಐವತ್ತು ಹೆಜ್ಜೆಗೆ ಉಸಿರು ಬಾಯಿಗೆ ಬರುತ್ತದೆ. ಅಲ್ಲಿ ಓಡುವಾಗ ಮಂಡಿಯನ್ನು ಎತ್ತರಕ್ಕೆ ಎತ್ತಲೇಬೇಕು, ಇಲ್ಲದಿದ್ದರೆ ಮುಗ್ಗರಿಸುತ್ತೀರಿ. ಆಮೇಲೆ ಪೇಟನ್‌ನ ಹಳೆಯ ಆಟ ಹಾಕಿ ನೋಡಿ. ಮಂಡಿ ಹಾಗೇ ಎತ್ತರಕ್ಕೆ ಬರುತ್ತದೆ, ಪಾದ ನೆಲಕ್ಕೆ ತಾಗುವುದು ಬರೀ ಒಂದು ಕ್ಷಣ. ಸೊಂಟಕ್ಕೆ ಕೈ ಹಾಕಿದವರು ಬರಿಗೈಯಲ್ಲಿ ಉಳಿಯುತ್ತಾರೆ. ನನಗೆ ಅವನ ಓಟದಲ್ಲಿ ಮರಳು ಕಾಣುತ್ತದೆ.

1977ರ ನವೆಂಬರ್‌ನಲ್ಲಿ ಜ್ವರ ಇಟ್ಟುಕೊಂಡೇ ಮಿನ್ನೆಸೋಟ ವಿರುದ್ಧ 275 ಗಜ ಓಡಿದ, ಅದು ಆಗ ಒಂದು ಆಟದ ದಾಖಲೆ. 13 ವರ್ಷದಲ್ಲಿ ತಪ್ಪಿಸಿದ್ದು ಒಂದೇ ಆಟ. ಒಟ್ಟು 16,726 ಗಜ, 1984ರಲ್ಲಿ ಬ್ರೌನ್‌ನ ದಾಖಲೆ ಮುರಿದ. ತನ್ನವರು ಎಸೆದ ಚೆಂಡು, ಅಂದರೆ ಪಾಸ್, 492 ಸಲ ಹಿಡಿದ. ತಾನೇ ಚೆಂಡೆಸೆದು 8 ಟಚ್‌ಡೌನ್ ಮಾಡಿಸಿದ. ತಂಡ ಸುಮಾರಾಗಿದ್ದ ವರ್ಷಗಳಲ್ಲೂ ಅವನೊಬ್ಬ ಅದೇ ಹುರುಪಿನಲ್ಲಿ ಓಡಿದ. ಗೆರೆಯಾಚೆ ಹೋಗಿ ಪೆಟ್ಟು ತಪ್ಪಿಸಿಕೊಳ್ಳಬಹುದಾದ ಕಡೆಯೂ ಒಂದು ಕೈ ಚಾಚಿ ಎದುರಿನವನ ಎದೆಗೆ ಒತ್ತಿ ಇನ್ನೆರಡು ಗಜ ಮುಂದೆ ಹೋಗುತ್ತಿದ್ದ. 1999ರಲ್ಲಿ, 45 ವರ್ಷಕ್ಕೇ, ಪಿತ್ತಜನಕಾಂಗದ ಕಾಯಿಲೆಯಿಂದ ತೀರಿಕೊಂಡ.

ಡಿಸೆಂಬರ್‌ನಲ್ಲಿ ಭಾವ ಊರಿಗೆ ಬಂದಾಗ ಅವರನ್ನೂ ಆ ಸಡಿಲ ಮರಳಿಗೆ ಕರೆದುಕೊಂಡು ಹೋದೆ. ಚೆಂಡು ಹಿಡಿದು ಎರಡು ಸಲ ಓಡಿ, ಮಂಡಿ ಮೇಲೆ ಕೈ ಊರಿ ನಿಂತರು. ಆದರೂ ಸ್ಮಿತ್‌ನನ್ನು ಬಿಟ್ಟುಕೊಡಲಿಲ್ಲ. ಅವರು ಹೇಳಿದ್ದರಲ್ಲಿ ಒಂದು ಮಾತು ನನ್ನ ಮನಸ್ಸಿನಲ್ಲಿ ಉಳಿದಿದೆ. 1994ರ ಜನವರಿ 2ರಂದು ಜಯಂಟ್ಸ್ ವಿರುದ್ಧ ಸ್ಮಿತ್‌ನ ಭುಜದ ಕೀಲು ತಪ್ಪಿತ್ತು. ಅದೇ ಭುಜ ಇಟ್ಟುಕೊಂಡು ಆಟ ಮುಗಿಯುವವರೆಗೂ ಆಡಿದ, 168 ಗಜ ಓಡಿದ, ಹತ್ತು ಪಾಸ್ ಹಿಡಿದ. "ನೀನೇ ಹೇಳಿದೆಯಲ್ಲ ಒಂದು ಕೈ ಕಟ್ಟಿಹಾಕಿದ ಹಾಗಾಗುತ್ತದೆ ಅಂತ, ಅವನಿಗೆ ಇನ್ನೊಂದು ಕೈಯೂ ಇರಲಿಲ್ಲ" ಅಂದರು. ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ. ಸ್ಮಿತ್‌ಗೆ ಮುಂದೆ ದಾರಿ ಬಿಡಿಸುವ ಸಾಲು ತುಂಬಾ ಬಲವಾಗಿತ್ತು, ಅವನಿದ್ದ ತಂಡ ಮೂರು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆದ್ದ ತಂಡ, ಇದೆಲ್ಲ ನಿಜವೇ. ಆ ದಿನದ ಆಟ ಮಾತ್ರ ಅವನೊಬ್ಬನದೇ. ಮೊದಲು ಅವನನ್ನು ಐದನೆಯವನಾಗಿ ಇಡುತ್ತಿದ್ದೆ, ಈಗ ನಾಲ್ಕಕ್ಕೆ ತಂದಿದ್ದೇನೆ. ಮೊದಲು ಪೇಟನ್, ಆಮೇಲೆ ಬ್ರೌನ್, ಮೂರನೆಯವನು ಸ್ಯಾಂಡರ್ಸ್. ತನ್ನ ಕಾಲದ ಬೇರೆಯವರಿಗಿಂತ ಅತಿ ದೂರ ಮುಂದಿದ್ದವನು ಬ್ರೌನ್‌ನೇ, ಅದು ನನಗೂ ಗೊತ್ತು. ಯಾವ ಕಾಲದಲ್ಲಿ, ಯಾವ ನೆಲದಲ್ಲಿ ಬಿಟ್ಟರೂ, ಎಂಥ ತಂಡ ಕೊಟ್ಟರೂ ಹಾಗೇ ಓಡಬಲ್ಲವನು ಯಾರು ಅಂತ ಕೇಳಿದರೆ ನನ್ನ ಉತ್ತರ ಪೇಟನ್.

ಚೆಂಡಿನ ತೊಂದರೆಗಳನ್ನೂ ಹೇಳುತ್ತೇನೆ. ಮೂರನೇ ತಿಂಗಳಿಗೆ ವಾಲ್ವ್ ಹತ್ತಿರ ಗಾಳಿ ಸೋರಲು ಶುರುವಾಯಿತು. ಮಾರಿದವರನ್ನು ಕೇಳಿದೆ, ವಾಪಸ್ ಮಾಡುವ ಅವಧಿ ಮುಗಿದಿದೆ ಅಂದರು. ಈಗ ಆಡುವ ಮೊದಲು ಪ್ರತಿ ಸಲ ಗಾಳಿ ಹಾಕಬೇಕು. ಸೂಜಿಗೆ ಒಂದು ಹನಿ ಎಣ್ಣೆ ಸವರದೆ ಚುಚ್ಚಬೇಡಿ, ನಾವು ಒಣ ಸೂಜಿ ಚುಚ್ಚಿದ್ದರಿಂದಲೂ ಹಾಗಾಗಿರಬಹುದು ಅಂತ ಸೈಕಲ್ ಅಂಗಡಿಯವನು ಹೇಳಿದ. ಲೇಸಿನ ಸಂದಿಯಲ್ಲಿ ಮರಳು ಸೇರಿಕೊಳ್ಳುತ್ತದೆ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತೆಗೆಯಬೇಕು. ಉಪ್ಪುನೀರು ತಾಗಿದರೆ ಅವತ್ತೇ ಸಿಹಿನೀರಲ್ಲಿ ಒರೆಸಿ ನೆರಳಲ್ಲಿ ಒಣಗಿಸಿ. ನಾವು ಒಮ್ಮೆ ಬಿಸಿಲಲ್ಲಿ ಬಿಟ್ಟಿದ್ದಕ್ಕೆ ಒಂದು ಪಕ್ಕದ ಗುಳ್ಳೆಗಳು ನುಣುಪಾಗಿ ಹಿಡಿತ ಕಡಿಮೆಯಾಗಿದೆ. ಒದ್ದೆಯಾದಾಗ ಈ ಚೆಂಡು ಬಂಗಡೆ ಮೀನಿನ ಹಾಗೆ ಜಾರುತ್ತದೆ. ಹೊಲಿಗೆ ಮಾತ್ರ ಒಂದು ಕಡೆಯೂ ಬಿಟ್ಟಿಲ್ಲ, ಆಕಾರವೂ ಹಾಗೇ ಇದೆ. ಅದಕ್ಕೆ ಪೂರ್ತಿ ಅಂಕ.

ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಪೂರ್ತಿ ಅಳತೆಯದು ಬೇಡ, ಬೆರಳು ತುದಿಯನ್ನು ಮುಚ್ಚುವುದಿಲ್ಲ. ಜೂನಿಯರ್ ಅಳತೆ ಸಿಗುತ್ತದೆ, ಅದನ್ನು ತಗೊಳ್ಳಿ. ಬರೀ ಮರಳಲ್ಲೇ ಆಡುವುದಾದರೆ ಇನ್ನೂ ಕಡಿಮೆ ಬೆಲೆಯ ರಬ್ಬರ್ ಚೆಂಡು ಸಾಕು, ಉಪ್ಪುನೀರಿನ ಚಿಂತೆ ಇರುವುದಿಲ್ಲ. ಹೆಲ್ಮೆಟ್, ಪ್ಯಾಡ್ ಇಲ್ಲದೆ ಮೈಮೇಲೆ ಬೀಳುವ ಆಟ ಬೇಡ. ನಾವು ಸೊಂಟಕ್ಕೆ ಎರಡೂ ಕಡೆ ಬಟ್ಟೆ ಚೂರು ಸಿಕ್ಕಿಸಿಕೊಂಡು, ಅದನ್ನು ಕಿತ್ತರೆ ಓಟ ಮುಗಿಯಿತು ಅಂತ ಆಡುತ್ತೇವೆ. ಕಬಡ್ಡಿ ಆಡುವ ಹುಡುಗರಿಗೆ ಎರಡೇ ದಿನದಲ್ಲಿ ಬರುತ್ತದೆ.

ಮುಂದಿನ ಸಲ ಬರುವಾಗ ಅಸಲಿ ಚರ್ಮದ ಚೆಂಡು ತರುತ್ತೇನೆ ಅಂತ ಭಾವ ಹೇಳಿದ್ದಾರೆ. ಅದನ್ನು ಸಮುದ್ರದ ಹತ್ತಿರ ಒಯ್ಯುವುದಿಲ್ಲ, ಮಳೆ ನಿಂತ ಮೇಲೆ ಶಿರಸಿಯಲ್ಲಿ ಹುಲ್ಲಿರುವ ಮೈದಾನದಲ್ಲಿ ಆಡಿ ನೋಡಿ, ಅದರ ಬಗ್ಗೆ ಬೇರೆ ಬರೆಯುತ್ತೇನೆ.